ಮರು: ‘ಮಿನಿಮಲಿಸ್ಟ್’ ಮನೆಗೆ ಕನ್ನಡ ಪದ (ತುರ್ತು) – ‘ಕನಿಷ್ಠ’ ಬೇಡ

ಅಲಂಕಾರ ಕಡಿಮೆಯಿರುವ ‘ಮಿನಿಮಲಿಸ್ಟ್’ ಶೈಲಿಯ ಮನೆಯ ಫಲಕಕ್ಕೆ ಕನ್ನಡ ಪದ ಕೇಳಿದ್ದೀರಿ, ಅದು ನಾಳೆಯೇ ಮುದ್ರಣಕ್ಕೆ ಹೋಗಬೇಕು ಎಂದಿದ್ದೀರಿ. ಆದ್ದರಿಂದ ಉತ್ತರ ಮೊದಲು, ವಾದ ಆಮೇಲೆ. ದೊಡ್ಡ ಅಕ್ಷರದಲ್ಲಿ ‘ಮಿತಾಲಂಕಾರದ ಮನೆ’, ಅದರ ಕೆಳಗೆ ಚಿಕ್ಕದಾಗಿ ‘ಕಲ್ಲು, ಮರ, ಮಣ್ಣು, ಹಗಲಬೆಳಕು’ ಎಂದು ಹಾಕಿ. ನಿಮ್ಮ ಕರಡಿನಲ್ಲಿರುವ ‘ನೈಸರ್ಗಿಕ ವಸ್ತುಗಳು ಮತ್ತು ಬೆಳಕನ್ನು ಬಳಸಿಕೊಂಡ ಕನಿಷ್ಠತಾವಾದಿ ಗೃಹ ಒಳಾಂಗಣ ವಿನ್ಯಾಸ’ವನ್ನು ದಯವಿಟ್ಟು ಕೈಬಿಡಿ. ಬೇಡದ್ದನ್ನೆಲ್ಲ ತೆಗೆದುಹಾಕಿದ ಮನೆಗೆ ಇಷ್ಟುದ್ದದ ಹೆಸರು ಹೊಂದುವುದಿಲ್ಲ.

‘ಕನಿಷ್ಠ’ವನ್ನು ನಾನು ಒಪ್ಪುವುದೇ ಇಲ್ಲ. ಸಂಸ್ಕೃತ ವ್ಯಾಕರಣಕಾರ ಪಾಣಿನಿಯ ‘ಯುವಾಲ್ಪಯೋಃ ಕನನ್ಯತರಸ್ಯಾಮ್’ ಎಂಬ ಸೂತ್ರದಂತೆ, ‘ಎಲ್ಲಕ್ಕಿಂತ’ ಎಂಬರ್ಥದ ‘ಇಷ್ಠ’ ಪ್ರತ್ಯಯ ಹತ್ತುವಾಗ ಯುವ, ಅಲ್ಪ ಎರಡರ ಜಾಗದಲ್ಲೂ ವಿಕಲ್ಪವಾಗಿ ‘ಕನ್’ ಬರುತ್ತದೆ; ಅದರಿಂದ ‘ಕನಿಷ್ಠ’. ಜ್ಯೇಷ್ಠನ ಎದುರು ನಿಲ್ಲುವ ಕನಿಷ್ಠ ಎಲ್ಲರಿಗಿಂತ ಕಿರಿಯವನು. ಕನ್ನಡದಲ್ಲಿ ಆ ಪದ ಕೆಳಮಿತಿಯನ್ನು ಹೇಳುತ್ತದೆ (ಕನಿಷ್ಠ ವೇತನ, ಕನಿಷ್ಠ ತಾಪಮಾನ), ಇಲ್ಲವೇ ಕೀಳೆಂಬ ತಾತ್ಸಾರವನ್ನು. ‘ಕನಿಷ್ಠ ವಿನ್ಯಾಸ’ ಎಂದು ಓದಿದವರು ಕಳಪೆ ವಿನ್ಯಾಸ ಎಂದೇ ತಿಳಿದುಕೊಂಡರೆ ತಪ್ಪು ಅವರದಲ್ಲ. ‘ಮಿತ’ಕ್ಕೆ ಮೂಲ ‘ಮಾ’ ಧಾತು; ಮಿತ ಎಂದರೆ ಅಳೆದದ್ದು. ಮಿತಭಾಷಿಗೆ ಮಾತು ಬರುವುದಿಲ್ಲವೆಂದು ಯಾರೂ ಹೇಳುವುದಿಲ್ಲ. ಎಷ್ಟು ಬೇಕೆಂದು ಅರಿತು ಅಷ್ಟನ್ನೇ ಆಡುತ್ತಾನೆ. ಈ ಶೈಲಿಯ ಜೀವಾಳವೂ ಅದೇ.

‘ಅಲಂಕಾರವನ್ನು ತೊರೆಯುವ ಶೈಲಿಗೆ ಅಲಂಕಾರ ಎಂಬ ಪದವೇ?’ ಎಂದು ಹಿಂದಿನ ಓಲೆಯಲ್ಲಿ ಕೇಳಿದವರು ಪದದ ಒಡಲನ್ನು ನೋಡಿಲ್ಲ. ‘ಅಲಮ್’ ಎಂದರೆ ಸಾಕು. ‘ಅಲಮತಿವಿಸ್ತರೇಣ’ (ಹೆಚ್ಚು ಬೆಳೆಸಿದ್ದು ಸಾಕು) ಎಂಬಲ್ಲಿರುವ ಅಲಮ್ ಇದೇ. ಸಾಕಾಗುವಷ್ಟು ಮಾಡುವುದು ಅಲಂಕಾರ. ಹೇರುವ ಅರ್ಥ ಆಮೇಲೆ ಅಂಟಿಕೊಂಡಿತು.

‘ಕನಿಷ್ಠತಾವಾದಿ’ಯಲ್ಲಿರುವ ‘ವಾದ’ವೂ ಬೇಡ. 1965ರಲ್ಲಿ ಬ್ರಿಟಿಷ್ ತತ್ತ್ವಜ್ಞಾನಿ ರಿಚರ್ಡ್ ವೊಲ್ಹೈಮ್ ‘ಮಿನಿಮಲ್ ಆರ್ಟ್’ ಎಂಬ ಲೇಖನದಲ್ಲಿ ಹೇಳಹೊರಟದ್ದು ಕಲಾಂಶ ತೀರ ಕಡಿಮೆಯಿರುವ ಕೃತಿಗಳ ವಿಚಾರ. ಆ ಹಣೆಪಟ್ಟಿಯನ್ನು, ಅದನ್ನು ಹಚ್ಚಿಸಿಕೊಂಡ ಅಮೆರಿಕದ ಡೊನಾಲ್ಡ್ ಜಡ್ ಅವರಂಥ ಕಲಾವಿದರೇ ಒಪ್ಪಲಿಲ್ಲ. ಅವರೇ ಒಲ್ಲದ್ದಕ್ಕೆ ನಾವು ವಾದದ ಪಟ್ಟ ಕಟ್ಟಬೇಕೇ?

‘ಒಳಾಂಗಣ’ ಅರಿಸಮಾಸ (ಕನ್ನಡದ ‘ಒಳ’ಕ್ಕೆ ಸಂಸ್ಕೃತದ ‘ಅಂಗಣ’ ಬೆಸೆದದ್ದು), ಅದರ ಮೇಲೆ ಸಂಸ್ಕೃತದ ಸವರ್ಣದೀರ್ಘ ಸಂಧಿ ಬೇರೆ. ಕನ್ನಡದ ಲೋಪಸಂಧಿಯಾಗಿ ‘ಒಳಂಗಣ’ ಆಗಬೇಕಿತ್ತು. ಅಂಗಣವೆಂದರೆ ಅಂಗಳ, ಆಟಕ್ಕೆ ಸರಿ, ಮಲಗುವ ಕೋಣೆಗೆ ಹೊಂದದು. ‘ಮನೆಯೊಳಗಿನ ಸಜ್ಜು’ ಎಂದರೆ ಸಮಾಸದ ಗೊಡವೆಯೇ ಇಲ್ಲ.

ಬೆಳಕಿನ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ಇಂಥ ಮನೆಯಲ್ಲಿ ಬೆಳಕೂ ಒಂದು ಸಾಮಗ್ರಿ. ಸುಣ್ಣದ ಗಾರೆಯ ಗೋಡೆ, ಮೆರುಗೆಣ್ಣೆ ಹಚ್ಚದ ಮರ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತವೆ. ನಯಗೊಳಿಸಿದ ಕಲ್ಲು ಒಂದೇ ದಿಕ್ಕಿಗೆ ಎಸೆದು ಕಣ್ಣು ಕುಕ್ಕುತ್ತದೆ. ಆದ್ದರಿಂದ ನಿಮ್ಮ ಫಲಕದ ವಿವರಣೆಯಲ್ಲಿರುವ ‘ಡಿಫ್ಯೂಸ್ಡ್ ಲೈಟ್’ಗೆ ‘ಚದುರಿದ ಬೆಳಕು’ ಎನ್ನಿ. ‘ಸ್ಕೈಲೈಟ್’ಗೆ ‘ಬೆಳಕಿಂಡಿ’ ಇದ್ದೇ ಇದೆ, ‘ಆಕಾಶದೀಪ’ ಎಂದು ಹೊಸೆಯಬೇಡಿ. ಸಾಮಾನಿಲ್ಲದೆ ಬಿಟ್ಟ ಜಾಗಕ್ಕೆ ಒಬ್ಬರು ‘ಶೂನ್ಯಾವಕಾಶ’ ಸೂಚಿಸಿದ್ದಾರೆ. ‘ತೆರಪು’ ಏನಾಯಿತು? ಎಡೆತೆರಪಿಲ್ಲದ ಮಳೆ ಎಂದು ನಿತ್ಯ ಬರೆಯುತ್ತೇವೆ. ಬಿಡುವೂ ಅದೇ, ಜಾಗವೂ ಅದೇ. ಇಷ್ಟು ಚೆಂದದ ಪದ ಮನೆಯಲ್ಲಿರುವಾಗ ಶೂನ್ಯವನ್ನು ಕರೆತರುವುದು ನನಗೆ ನಿಜಕ್ಕೂ ನೋವಿನ ವಿಷಯ.

ಕೊನೆಗೆ, ‘ಮಿತವೂ ಸಂಸ್ಕೃತ, ಅಲಂಕಾರವೂ ಸಂಸ್ಕೃತ, ಅಚ್ಚಗನ್ನಡದ ಕಿರುಸಿಂಗಾರ ಸಾಕು’ ಎಂದವರಿಗೆ. ಸಿಂಗಾರ ಶೃಂಗಾರದ ತದ್ಭವ. ಕುರ್ಚಿ ಅರಬ್ಬಿ ಪಾರ್ಸಿಗಳಿಂದ ಬಂದದ್ದು, ಅಲಮಾರು ಪೋರ್ಚುಗೀಸಿನಿಂದ. ಕನ್ನಡದ ನಾಲಿಗೆಗೆ ಒಗ್ಗಿ ಕನ್ನಡದ ಪ್ರತ್ಯಯ ಹತ್ತಿಸಿಕೊಂಡ ಪದ ಕನ್ನಡದ್ದೇ. ನನ್ನ ತಕರಾರು ಎರವಲಿನ ಮೇಲಲ್ಲ, ಇಂಗ್ಲಿಷಿನ ಒಂದೊಂದು ತುಂಡಿಗೂ ಸಂಸ್ಕೃತದ ಒಂದೊಂದು ತುಂಡನ್ನು ಜೋಡಿಸಿ ಅದನ್ನೇ ಅನುವಾದ ಎನ್ನುವ ಅಭ್ಯಾಸದ ಮೇಲೆ. ‘ಕನಿಷ್ಠತಾವಾದ’ ಅದರಿಂದಲೇ ಹುಟ್ಟಿದ ಪದ. ಅದನ್ನು ಉಳಿಸಲೇಬೇಕು ಎನ್ನುವವರು ಕನ್ನಡದಲ್ಲಿ ‘ಕನಿಷ್ಠ’ ಮೆಚ್ಚುಗೆಯ ಮಾತಾಗಿ ಬಂದಿರುವ ಒಂದು ಪ್ರಯೋಗವನ್ನಾದರೂ ಇಲ್ಲಿ ತೋರಿಸಲಿ.