ಪ್ರಶ್ನೋತ್ತರ: ಪಾಶ್ಚರೀಕರಣಕ್ಕೆ ಜಗ್ಗದ ಸ್ಪೋರ್‌ಗಳು (ಉತ್ತರ: ಆಹಾರ ಸೂಕ್ಷ್ಮಜೀವಿ ತಜ್ಞೆ)

ಸವಿತಾ: ಮೇಡಂ, ಹಾಲಿನ ಪಾಶ್ಚರೀಕರಣಕ್ಕೆ, ಅಂದ್ರೆ ಕುದಿಸದೆ ಕಾಯಿಸಿ ರೋಗಾಣು ಕೊಲ್ಲೋಕೆ, 63 ಡಿಗ್ರಿಯಲ್ಲಿ 30 ನಿಮಿಷವೋ, 72ರಲ್ಲಿ 15 ಸೆಕೆಂಡೋ? ಸ್ಪೋರ್ ಯಾವುದರಲ್ಲಿ ಸಾಯುತ್ತೆ?

ತಜ್ಞೆ: ಎರಡರಲ್ಲೂ ಸಾಯಲ್ಲ. ಸ್ಪೋರ್ ಅಂದರೆ ಕೆಲವು ಬ್ಯಾಕ್ಟೀರಿಯಾ ಕಷ್ಟಕಾಲಕ್ಕೆ ತಾಳುವ ಗಟ್ಟಿ ಕವಚದ ರೂಪ. ಹೊಟ್ಟೆ ಕೆಡಿಸುವ ಬ್ಯಾಸಿಲಸ್ ಸೀರಿಯಸ್ ಬ್ಯಾಕ್ಟೀರಿಯಾದ ಸ್ಪೋರ್ ಹಾಗೇ ಉಳಿಯುತ್ತೆ, ಅದಕ್ಕೇ ಆಮೇಲೂ ಫ್ರಿಜ್ ಬೇಕು.

ಗಿರೀಶ್: ಬೆಳ್ಳುಳ್ಳಿ ಎಸಳನ್ನ ಎಣ್ಣೆಗೆ ಹಾಕಿ, ಬಾಟಲಿ ಬಿಗಿ ಮಾಡಿ, 90 ಡಿಗ್ರಿ ನೀರಲ್ಲಿ 10 ನಿಮಿಷ ಇಟ್ಟೆ. ಹೊರಗಿಟ್ಟು ಮೂರು ವಾರ. ಒಂದರ ಮುಚ್ಚಳ ಉಬ್ಬಿದೆ. ಉಳಿದ ಐದು ಬಳಸಬಹುದಾ?

ತಜ್ಞೆ: ಒಂದನ್ನೂ ಬಳಸಬೇಡಿ. ಉಬ್ಬಿದ್ದನ್ನು ತೆರೆಯಲೂ ಬೇಡಿ. ಎಣ್ಣೆ ಗಾಳಿ ತಡೆಯುತ್ತೆ, ಬೆಳ್ಳುಳ್ಳಿಯಲ್ಲಿ ಹುಳಿ ಸಾಲದು, ಮಣ್ಣಿನ ಸ್ಪೋರ್ ಅಂಟಿಕೊಂಡು ಬಂದಿರುತ್ತೆ: ಬೊಟುಲಿನಮ್‌ಗೆ (ಗಾಳಿಯಿಲ್ಲದ ಕಡೆ ಬೆಳೆದು ಮಾರಕ ವಿಷ ಮಾಡುವ ಬ್ಯಾಕ್ಟೀರಿಯಾ) ಹೇಳಿ ಮಾಡಿಸಿದ ಜಾಗ. ಲೆಕ್ಕ ನೋಡಿ. ಅದನ್ನು ಕೊಲ್ಲುವ ಅಳತೆ 121 ಡಿಗ್ರಿಯಲ್ಲಿ 3 ನಿಮಿಷ. ಬಿಸಿ 10 ಡಿಗ್ರಿ ಇಳಿದಷ್ಟೂ ಸಮಯ ಹತ್ತು ಪಟ್ಟು. 100ರಲ್ಲೇ ಆರು ಗಂಟೆ ದಾಟುತ್ತೆ, 90ರಲ್ಲಿ ಸುಮಾರು 64 ಗಂಟೆ. ನೀವು ಕೊಟ್ಟದ್ದು 10 ನಿಮಿಷ! ಅದೂ ನೀರಿರುವ ಆಹಾರದ ಲೆಕ್ಕ. ಎಣ್ಣೆಯೊಳಗೆ ಸ್ಪೋರ್ ಇನ್ನೂ ಗಟ್ಟಿ. ಮುಂದೆ ಮಾಡುವುದಾದರೆ 6 ಮಿ.ಮೀ. ಮೀರದಂತೆ ಹೆಚ್ಚಿ, ಮೂರು ಪಟ್ಟು ತೂಕದ ಶೇ. 3ರ ಸಿಟ್ರಿಕ್ ಆಮ್ಲದ ನೀರಲ್ಲಿ 24 ಗಂಟೆ ನೆನೆಸಿ. ತುಂಡಿನ ನಡುವೆಯೂ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕೆಳಗಿರಬೇಕು. ಅದಾಗದಿದ್ದರೆ ಫ್ರಿಜ್ಜಲ್ಲಿ ನಾಲ್ಕೇ ದಿನ.

ರೇಖಾ: ಚಿಟಿಕೆ ಉಪ್ಪು ಹಾಕಿ ಮೂರು ದಿನ ಬಿಸಿಲಿಗಿಟ್ರೆ ಸಾಕಂತೆ, ಫಾರ್ವರ್ಡ್ ಬಂದಿದೆ.

ತಜ್ಞೆ: ಬಿಸಿಲಿನ ಬಿಸುಪು ಬೊಟುಲಿನಮ್‌ಗೆ ಹಬ್ಬ. ಉಪ್ಪು ತಡೆಯಬೇಕಾದರೆ ನೀರಿನಂಶದಲ್ಲಿ ಶೇ. 10 ಬೇಕು, ಚಿಟಿಕೆಯಲ್ಲ. ದಯವಿಟ್ಟು ಇದನ್ನು ಇನ್ಯಾರಿಗೂ ಕಳಿಸಬೇಡಿ.

ನವೀನ್: ದಿನಕ್ಕೊಮ್ಮೆ, ಮೂರು ದಿನ ಕುದಿಸಿದರೆ?

ತಜ್ಞೆ: ಅದಕ್ಕೆ ಟಿಂಡಲೀಕರಣ ಅಂತಾರೆ. ನಡುವೆ ಸ್ಪೋರ್ ಮೊಳೆತರೆ ಮಾತ್ರ ಮುಂದಿನ ಕುದಿತಕ್ಕೆ ಸಾಯುತ್ತೆ. ಎಣ್ಣೆಯಲ್ಲಿ ಮೊಳೆಯುತ್ತೆ ಅನ್ನೋ ಖಾತ್ರಿ ಇಲ್ಲ.

ಶಂಕರ್: 600 ಮೆಗಾಪಾಸ್ಕಲ್ ಒತ್ತಡ ಕೊಟ್ರೆ ಬಿಸಿಯೇ ಬೇಡ, ಎಲ್ಲ ಸಾಯುತ್ತೆ.

ಪವಿತ್ರಾ: ತಣ್ಣಗೆ ಒತ್ತಿದರೆ ಸ್ಪೋರ್ ಸಾಯಲ್ಲ ಸರ್. ಮೊದಲೇ 90ಕ್ಕೆ ಕಾಯಿಸಿ ಒತ್ತಬೇಕು.

ಶಂಕರ್: ಹಾಗಾದ್ರೆ ಯುಎಚ್‌ಟಿಯ (ಹಾಲನ್ನು ಕ್ಷಣಕಾಲ ಅತಿ ಬಿಸಿ ಮಾಡೋ ವಿಧಾನ) 4 ಸೆಕೆಂಡಲ್ಲಿ ಏನು ಸಾಯುತ್ತೆ?

ಪವಿತ್ರಾ: 140ರಲ್ಲಿ 4 ಸೆಕೆಂಡ್ ಅಂದ್ರೆ 121ರಲ್ಲಿ ಐದು ನಿಮಿಷಕ್ಕೆ ಸಮ. ಮೇಡಂ ಕೊಟ್ಟ ಲೆಕ್ಕವೇ. ಗುಣಿಸಿ.

ಶಂಕರ್: ಪಾಠ ಬೇಡ.

ಪವಿತ್ರಾ: ತಪ್ಪು ಬರೆಯೋದೂ ಬೇಡ.

ಲತಾ: ಮೈಕ್ರೋವೇವಲ್ಲಿ ಪಾಶ್ಚರೀಕರಣ ಆಗುತ್ತಾ?

ಸುಮಾ: ಎರಡು ಸಲ ಕುದಿಸಿದ್ರೆ ಸ್ಪೋರ್ ಹೋಗುತ್ತಲ್ವಾ ಮೇಡಂ?

ತಜ್ಞೆ: ಇಲ್ಲ ಸುಮಾ. ಮೇಲೆ ಓದಿ.

ಗಿರೀಶ್: ಉಬ್ಬದ ಒಂದನ್ನು ತೆರೆದೆ ಮೇಡಂ. ವಾಸನೆ ಚೆನ್ನಾಗಿಯೇ ಇದೆ.

ತಜ್ಞೆ: ಬೇಡ ಅಂದೆನಲ್ಲ! ಆ ವಿಷ ಮೂಗಿಗೆ ಸಿಗಲ್ಲ. ಕೈಗವಸು ಹಾಕಿ, ತೆರೆದ ಬಾಟಲಿಯನ್ನು ಪಾತ್ರೆಯ ನೀರಲ್ಲಿ ಪೂರ್ತಿ ಮುಳುಗಿಸಿ 30 ನಿಮಿಷ ಕುದಿಸಿ, ಆಮೇಲೆ ಕಸಕ್ಕೆ. ಮುಚ್ಚಿದವನ್ನು ಎರಡು ಚೀಲದಲ್ಲಿ ಕಟ್ಟಿ ಎಸೆಯಿರಿ. ನಾಲಿಗೆಗೆ ತಾಗಿಸಿದಿರಾ? ಮೊದಲು ಅದು ಹೇಳಿ.