ಸಂಬಳ ಎಷ್ಟು ಅಂದ್ರೆ ಯಾವ ನಂಬರ್ ಹೇಳೋದು? ಪೇರೋಲ್ ಅಕ್ಕನ ಹತ್ರ ಕೇಳಿ

ಅಡ್ಮಿನ್: ಹೋದ ವಾರ ನಮ್ಮ ಮುಂಬೈ-ಪುಣೆ-ಗೋವಾ ಗ್ರೂಪಲ್ಲಿ "ಯಾರಿಗೆ ಎಷ್ಟು ಬರುತ್ತೆ" ಅಂತ ಶುರುವಾಗಿದ್ದು ಜಗಳಕ್ಕೆ ಹೋಯ್ತು. ಅದಕ್ಕೇ ಈ ಸಲ ಡೊಂಬಿವಲಿಯ ನಮ್ಮ ಅಕ್ಕನನ್ನ ಒಪ್ಪಿಸಿದೀನಿ, ಅವ್ರು ಅಂಧೇರಿಲಿ ಒಂದು ಕಂಪನಿಯ ಪೇರೋಲ್ (ಎಲ್ಲರ ಸಂಬಳದ ಲೆಕ್ಕ) ನೋಡ್ಕೊಳ್ಳೋದು, ಪ್ಯೂನ್‌ನಿಂದ ಮ್ಯಾನೇಜರ್ ತನಕ ಎಲ್ಲರ ಸ್ಲಿಪ್ಪೂ ಅವ್ರ ಕೈ ದಾಟಿನೇ ಹೋಗೋದು. ಕೇಳಿ. ಕಂಪನಿ ಹೆಸರು, ಮಾಲೀಕರ ಹೆಸರು ಮಾತ್ರ ಬೇಡ.

ಪ್ರಶ್ನೆ (ಪುಣೆ, ಹಿಂಜೇವಾಡಿ): ಅಕ್ಕ ನಂದು 7.2 ಲಕ್ಷ ಪ್ಯಾಕೇಜ್, ಐಟಿ. ಮನೇಲಿ ಎಲ್ಲರಿಗೂ ತಿಂಗಳಿಗೆ 60 ಸಾವಿರ ಅಂತ ಅಪ್ಪ ಹೇಳ್ಬಿಟ್ಟಿದಾರೆ, ಕೈಗೆ ಬರೋದು 46 ಸಾವಿರ ಚಿಲ್ಲರೆ. ಮಿಕ್ಕಿದ್ದನ್ನ ಯಾರು ತಿಂತಿದಾರೆ? ನಮ್ಮ ದೊಡ್ಡಪ್ಪನ ಮಗ ಮುಂಬೈಲಿ ಟ್ಯಾಕ್ಸಿ ಓಡಿಸ್ಕೊಂಡು ತಿಂಗಳಿಗೆ 60 ದುಡಿತಾನೆ, ಬಿಇ ಮಾಡಿ ನಾನು ಅವನಿಗಿಂತ ಕಡಿಮೆ. ತಲೆ ಕೆಟ್ಟೋಗಿದೆ.

ಉತ್ತರ: ಯಾರೂ ತಿನ್ನುವುದಿಲ್ಲ ಮಾರಾಯ್ರೆ, ಆದ್ರೆ ಸಿಟಿಸಿ, ಅಂದ್ರೆ ನೀವು ಹೇಳಿದ ಪ್ಯಾಕೇಜ್, ಅನ್ನೋದು ನಿಮ್ಮ ಸಂಬಳ ಅಲ್ಲ, ನಿಮ್ಮನ್ನು ಇಟ್ಕೊಳ್ಳಲಿಕ್ಕೆ ಕಂಪನಿಗೆ ಆಗುವ ಖರ್ಚು. ಬೇಸಿಕ್ (ಮೂಲ ಸಂಬಳ) 24,000 ಅಂತ ಇಟ್ಕೊಳ್ಳಿ, ಅದರ 12% ಅಂದ್ರೆ 2,880 ಕಂಪನಿ ಪಿಎಫ್, ಅದೂ ನಿಮ್ಮ 60ರೊಳಗೇ ಸೇರಿಸಿರ್ತಾರೆ. ಗ್ರಾಚುಟಿ (ಕೆಲಸ ಬಿಡುವಾಗ ಕೊಡುವ ಇಡುಗಂಟು) ಅಂತ ಬೇಸಿಕ್‌ನ 4.81% ಲೆಕ್ಕದಲ್ಲಿ 1,154. ವೇರಿಯಬಲ್ 10% ಇದ್ರೆ ತಿಂಗಳಿಗೆ 6,000 ಪಕ್ಕಕ್ಕೆ, ಅದು ವರ್ಷದ ಕೊನೆಗೆ, ಅದೂ ರೇಟಿಂಗ್ ನೋಡಿ. ಇನ್ಶೂರೆನ್ಸ್ ಒಂದು ಐನೂರು. ಆಮೇಲೆ ನಿಮ್ಮ ಪಾಲಿನ ಪಿಎಫ್ ಮತ್ತೊಂದು 2,880, ಮಹಾರಾಷ್ಟ್ರದ ಪ್ರೊಫೆಷನಲ್ ಟ್ಯಾಕ್ಸ್ 200 (ಫೆಬ್ರವರಿಯಲ್ಲಿ 300, ವರ್ಷಕ್ಕೆ 2,500). ಕೂಡಿಸಿ ಕಳೆದು ನೋಡಿ, ಸರಿಯಾಗಿ ನಿಮ್ಮ 46 ಸಾವಿರ ಚಿಲ್ಲರೆಗೇ ಬಂದು ನಿಲ್ತದೆ. ಹೊಸ ರಿಜೀಮಲ್ಲಿ (ಹೊಸ ತೆರಿಗೆ ಪದ್ಧತಿ) ಸಂಬಳದವರಿಗೆ 12.75 ಲಕ್ಷದ ತನಕ ಇನ್‌ಕಮ್ ಟ್ಯಾಕ್ಸ್ ಇಲ್ಲ, ಅದೊಂದು ಪುಣ್ಯ.

ಇದ್ರಲ್ಲಿ ಪಿಎಫ್ ಎರಡೂ ಪಾಲು ನಿಮ್ಮದೇ, ತಿಂಗಳಿಗೆ 5,760 ನಿಮ್ಮ ಹೆಸರಲ್ಲಿ ಕೂತಿರ್ತದೆ (ಕಂಪನಿ ಪಾಲಿನಲ್ಲಿ 1,250 ಪೆನ್ಷನ್ ಖಾತೆಗೆ ಹೋಗ್ತದೆ). ಹೊಟ್ಟೆ ಉರಿಯಬೇಕಾದ್ದು ಗ್ರಾಚುಟಿಗೆ, ಪರ್ಮನೆಂಟ್ ಕೆಲಸದಲ್ಲಿ ಐದು ವರ್ಷ ಆಗದೆ ಬಿಟ್ರೆ ಅದು ನಿಮ್ಗೆ ಇಲ್ಲ, ಪುಣೆ ಹುಡುಗ್ರು ಎರಡು ವರ್ಷಕ್ಕೊಂದು ಕಂಪನಿ ಬದಲಾಯಿಸ್ತಾ ಪ್ರತೀ ಆಫರ್ ಲೆಟರಲ್ಲೂ ಆ ನಂಬರ್ ನೋಡಿ ಖುಷಿಪಡ್ತಾರೆ. 2025ರ ನವೆಂಬರ್ 21ರಿಂದ ಹೊಸ ಲೇಬರ್ ಕೋಡ್ ಬಂದಿದೆ, ಈ ಲೆಕ್ಕಕ್ಕೆಲ್ಲ ಒಟ್ಟು ಸಂಬಳದ ಅರ್ಧವನ್ನಾದ್ರೂ ಹಿಡಿಯಬೇಕು ಅಂತ, ಹಾಗಾಗಿ ಮುಂದಿನ ಲೆಟರಲ್ಲಿ ಬ್ರೇಕಪ್ (ಯಾವುದಕ್ಕೆ ಎಷ್ಟು ಅನ್ನೋದು) ಬದಲಾಗಿರಬಹುದು, ನೋಡಿಯೇ ಸೈನ್ ಮಾಡಿ. ಅಪ್ಪನಿಗೆ ಇವತ್ತೇ ಫೋನ್ ಮಾಡಿ 46 ಅಂತ ಹೇಳಿ. ಆ 60ರ ಲೆಕ್ಕದಲ್ಲಿ ಅವರು ತಂಗಿ ಮದುವೆಗೆ ಹಾಲ್ ಬುಕ್ ಮಾಡುವ ಮೊದಲು.

ಕಮೆಂಟ್ (ಮುಂಬೈ, ಸಾಕಿನಾಕಾ): ಆ ಟ್ಯಾಕ್ಸಿಯವ್ನು ನಾನೇ, ತಮ್ಮ ಇಲ್ಲೂ ಬಂದು ನನ್ನ ಹೆಸರು ಹೇಳ್ತಾನೆ ಅಂತ ಗೊತ್ತಿರಲಿಲ್ಲ 😀 ಹೌದು 60 ಬರುತ್ತೆ, ಆಪ್‌ನವ್ರ ಕಮಿಷನ್ ಹೋಗಿ. ಆಮೇಲೆ ಸಿಎನ್‌ಜಿ 16, ಗಾಡಿ ಇಎಂಐ 14, ಇನ್ಶೂರೆನ್ಸ್ ಸರ್ವಿಸ್ ಚಲನ್ ಎಲ್ಲ ಸೇರಿ 4. ಉಳಿಯೋದು 26, ಅದೂ ದಿನಾ ಹನ್ನೆರಡು ಹದಿಮೂರು ಗಂಟೆ ಸ್ಟೇರಿಂಗ್ ಹಿಡ್ಕೊಂಡ್ರೆ, ಒಂದಿನ ಜ್ವರ ಬಂದು ಮಲಗಿದ್ರೆ ಇಎಂಐ ಮಾತ್ರ ಮಲಗಲ್ಲ. ಆದ್ರೂ ರಜಾ ಕೇಳೋಕೆ ಯಾರ ಮುಂದೇನೂ ನಿಲ್ಲಲ್ಲ ನೋಡು, ಅದಕ್ಕೆ ಬೆಲೆ ಕಟ್ಟೋಕಾಗಲ್ಲ. ನಿನ್ನ ಕೆಲಸ ನನಗೆ ಕೊಟ್ರೂ ಬೇಡ.

ಉತ್ತರ: ಅಣ್ಣಾ, ಇನ್ನೊಂದು ಸೇರಿಸಿ. ಇಎಂಐ ಮುಗಿಯುವಷ್ಟರಲ್ಲಿ ಗಾಡಿಯೂ ಮುಗಿದಿರ್ತದೆ, ಮತ್ತೊಂದು ತಗೊಳ್ಬೇಕು, ಅದಕ್ಕೆ ಈಗಿಂದಲೇ ತಿಂಗಳಿಗೆ ಏನಾದ್ರೂ ಬೇರೆ ಖಾತೆಯಲ್ಲಿ ಇಡಿ. ನಿಮ್ಮ ಲೈನಲ್ಲಿ ಇದನ್ನ ಲೆಕ್ಕ ಹಿಡಿಯುವವರು ಬಹಳ ಕಡಿಮೆ.

ಪ್ರಶ್ನೆ (ಮುಂಬೈ, ಘಾಟ್‌ಕೋಪರ್): ನಾನು ಹೋಟೆಲಲ್ಲಿ ಕ್ಯಾಶ್‌ನಲ್ಲಿ ಕೂರುವುದು, ಊರು ಕುಂದಾಪುರ ಕಡೆ. 18 ಸಾವಿರ, ಊಟ ರೂಮು ಹೋಟೆಲಿಂದೇ. ಒಂದೇ ಮಾಲಕರ ಹತ್ರ ಹನ್ನೆರಡು ವರ್ಷ ಆಯ್ತು. ಊರಿಗೆ ಹೋದಾಗ ಎಷ್ಟು ಸಂಬಳ ಅಂತ ಕೇಳಿದ್ರೆ 30 ಅಂತ ಹೇಳುವುದು, ಎಂತ ಮಾಡುವುದು, 18 ಅಂದ್ರೆ ಮರ್ಯಾದೆ ಇಲ್ಲ. ಪಿಎಫ್ ಇಲ್ಲ. ಕೇಳಿದ್ರೆ "ಅದೆಲ್ಲ ಕಟ್ ಮಾಡಿದ್ರೆ ನಿಂಗೇ ಕಮ್ಮಿ ಬರುದು" ಅಂತಾರೆ.

ಉತ್ತರ: 30 ಅಂತ ನೀವು ಹೇಳಿದ್ದು ಪೂರ್ತಿ ಸುಳ್ಳಲ್ಲ. ಘಾಟ್‌ಕೋಪರ್‌ನಲ್ಲಿ ಒಂದು ಕಾಟ್ ಬೇಸಿಸ್ ಜಾಗ (ಬರೀ ಒಂದು ಮಂಚದ ಬಾಡಿಗೆ), ಎರಡು ಹೊತ್ತು ಊಟ, ಚಾ-ತಿಂಡಿ ಸ್ವಂತ ದುಡ್ಡಲ್ಲಿ ಮಾಡಿ ನೋಡಿ, ಎಷ್ಟಾಗ್ತದೆ ಅಂತ ನಿಮ್ಗೇ ಗೊತ್ತು. ಹಿಂಜೇವಾಡಿಯ ತಮ್ಮ ಬಾಡಿಗೆ, ಸ್ವಿಗ್ಗಿ ಎಲ್ಲ ಕೊಟ್ಟು ತಿಂಗಳ ಕೊನೆಗೆ ಉಳಿಸುವುದಕ್ಕಿಂತ ನೀವು ಊರಿಗೆ ಕಳಿಸುವುದೇ ಹೆಚ್ಚಿರಬಹುದು. ಆದ್ರೆ ಅವನ ಹತ್ರ ಕಾಗದ ಉಂಟು, ನಿಮ್ಮ ಹತ್ರ ಇಲ್ಲ. ನನಗೆ ಬೇಜಾರು ಅಲ್ಲೇ.

ಇಪ್ಪತ್ತು ಜನ ಅಥವಾ ಜಾಸ್ತಿ ಇರುವ ಕಡೆ ಪಿಎಫ್ ಕಾನೂನು ಬರ್ತದೆ. 15,000ದ ಒಳಗಿನವರಿಗೆ ಕಡ್ಡಾಯ, ಅದಕ್ಕಿಂತ ಮೇಲೆ ಸೇರಿದವರನ್ನು ಬಿಡ್ಲಿಕ್ಕೆ ಅವರಿಗೆ ದಾರಿ ಉಂಟು, ಹಾಗಾಗಿ ಹನ್ನೆರಡು ವರ್ಷದ ಹಿಂದೆ ಎಷ್ಟಕ್ಕೆ ಸೇರಿದ್ರಿ ಅನ್ನೋದು ಮುಖ್ಯ. ಆಗ 7-8 ಸಾವಿರ ಇದ್ದಿರ್ಬೇಕಲ್ಲ? ಹಾಗಾದ್ರೆ 2014ರ ಸೆಪ್ಟೆಂಬರ್‌ನಲ್ಲಿ ಮಿತಿ 6,500ರಿಂದ 15,000ಕ್ಕೆ ಏರಿದ ಮೇಲಾದ್ರೂ ನಿಮ್ಮ ಹೆಸರು ಇರಬೇಕಿತ್ತು. ಇಎಸ್‌ಐ (ನೌಕರರ ಆರೋಗ್ಯ ವಿಮೆ) ಬೇರೆ, ಅದು ಹತ್ತು ಜನ ಇದ್ರೆ ಸಾಕು, 21,000ದ ತನಕ. ನಿಮ್ಮ 18ರಲ್ಲಿ ಕಟ್ ಆಗುವುದು 0.75%, ಅಂದ್ರೆ 135 ರೂಪಾಯಿ. ಮಾಲಕರು ಕಟ್ಟಬೇಕಾದ್ದು 3.25%, 585. ಈಗ ಹೇಳಿ, "ನಿಂಗೇ ಕಮ್ಮಿ ಬರುದು" ಅಂತ ಅವರು ಹೇಳಿದ್ದು ಯಾರ ಕಮ್ಮಿ ಬಗ್ಗೆ? ಆ 135ಕ್ಕೆ ನಿಮ್ಗೂ ಹೆಂಡತಿ ಮಕ್ಕಳಿಗೂ ಚಿಕಿತ್ಸೆ ಸಿಗ್ತದೆ.

ಮತ್ತೆ ಗ್ರಾಚುಟಿ. ಅದಕ್ಕೆ ಪಿಎಫ್ ಇರಲೇಬೇಕು ಅಂತಿಲ್ಲ, ಹತ್ತು ಜನ ಇದ್ದು ಐದು ವರ್ಷ ಆದ್ರೆ ಆಯ್ತು. ಕೊನೆಯ ಸಂಬಳವನ್ನ 26ರಿಂದ ಭಾಗಿಸಿ 15ರಿಂದ ಗುಣಿಸಿ, ಅದನ್ನ ವರ್ಷದಿಂದ ಗುಣಿಸಿ. 18,000ಕ್ಕೆ ಹನ್ನೆರಡು ವರ್ಷಕ್ಕೆ 1,24,600ರ ಮೇಲೆ ಬರ್ತದೆ. ಕೆಲಸ ಬಿಡುವಾಗ ಇದು ನಿಮ್ಮ ಹಕ್ಕು, ದೀಪಾವಳಿ ಸ್ವೀಟ್ ಬಾಕ್ಸ್ ಅಲ್ಲ.

ಪ್ರಶ್ನೆ (ಗೋವಾ, ವಾಸ್ಕೊ): ಅಕ್ಕಾರ ನಮಸ್ಕಾರ್ರೀ, ನಮ್ದು ಬಾಗಲಕೋಟಿ ಕಡೆ. ನಾ ಗೌಂಡಿ ಕೆಲಸ ಮಾಡ್ತೀನ್ರಿ, ದಿನಕ್ಕ 900. ಒಬ್ರು ಸೆಕ್ಯುರಿಟಿ ಕೆಲಸಕ್ಕ ಕರ್ಯಾಕತ್ತಾರ, ಕೈಗೆ 15 ಸಾವಿರ ಅಂತ. ನಮ್ಮಾಕಿ ಹೋಗ್ರಿ ಅಂತಾಳ, ನನಗ 900 ಬಿಟ್ಟು 500ಕ್ಕ ಹ್ವಾದಂಗ ಅನ್ನಿಸ್ತೈತಿ. ಏನ್ ಮಾಡ್ಲಿ?

ಉತ್ತರ: ಅಣ್ಣಾ, 900 ಅನ್ನೋದು ಕೆಲಸ ಇದ್ದ ದಿನದ ಲೆಕ್ಕ. ಎಂಟು ತಿಂಗಳು, ತಿಂಗಳಿಗೆ 22 ದಿನ ಸಿಕ್ತು ಅಂತ ಹಿಡಿಯಿರಿ, 1,58,400. ಗೋವಾ ಮಳೆ ನಿಮ್ಗೆ ಹೇಳ್ಬೇಕಾ, ಜೂನ್‌ನಿಂದ ಸೆಪ್ಟೆಂಬರ್ ತನಕ ತಿಂಗಳಿಗೆ ಎಂಟು ದಿನ ಸಿಕ್ರೂ 28,800. ಒಟ್ಟು 1,87,200, ಹನ್ನೆರಡರಿಂದ ಭಾಗಿಸಿದ್ರೆ 15,600. ಹೆಚ್ಚು ಕಡಿಮೆ ಅಷ್ಟೇ ಆಯ್ತಲ್ಲ. ನಿಮ್ಮಾಕಿ ಲೆಕ್ಕ ಸರಿ ಇದೆ.

ಆದ್ರೂ ಕಣ್ಣು ಮುಚ್ಚಿ ಹೋಗ್ಬೇಡಿ. ಡ್ಯೂಟಿ ಎಂಟು ಗಂಟೆನಾ ಹನ್ನೆರಡಾ ಕೇಳಿ, ಹನ್ನೆರಡಾದ್ರೆ ಮೇಲಿನ ಗಂಟೆಗಳಿಗೆ ಡಬಲ್ ಓಟಿ (ಹೆಚ್ಚುವರಿ ಕೆಲಸದ ದುಡ್ಡು) ಬರಬೇಕು. ವಾರದ ರಜೆ ಉಂಟಾ, ಪಿಎಫ್ ನಂಬರ್ ಕೊಡ್ತಾರಾ ಕೇಳಿ. ಗೋವಾದಲ್ಲಿ ಪ್ರೊಫೆಷನಲ್ ಟ್ಯಾಕ್ಸ್ ಇಲ್ಲ, ಯಾರಾದ್ರೂ ಆ ಹೆಸರಲ್ಲಿ ಕಟ್ ಮಾಡಿದ್ರೆ ಜಗಳ ಮಾಡಿ. ಗೌಂಡಿಯಾಗೇ ಉಳಿದ್ರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಿ, 18ರಿಂದ 60 ವಯಸ್ಸು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿರಬೇಕು, ಅಷ್ಟೇ. ನಿಮ್ಮ ಕೈಯಲ್ಲಿ ಕಸುಬು ಉಂಟು, ಮನಸ್ಸಿಲ್ಲದೆ ಗೇಟಲ್ಲಿ ಕೂತ್ರೆ ಅದೂ ನಷ್ಟವೇ, ಅದನ್ನ ನಾನು ಕ್ಯಾಲ್ಕುಲೇಟರಲ್ಲಿ ಹಾಕ್ಲಿಕ್ಕೆ ಆಗುವುದಿಲ್ಲ.

ಪ್ರಶ್ನೆ (ಠಾಣೆ, ಮಹಿಳೆ): ಡೆಂಟಲ್ ಕ್ಲಿನಿಕ್ ರಿಸೆಪ್ಷನ್, 23,500. ಪ್ರತಿ ತಿಂಗಳು 200 ಪಿಟಿ (ಪ್ರೊಫೆಷನಲ್ ಟ್ಯಾಕ್ಸ್) ಹಿಡೀತಾರೆ. ಸರಿನಾ ಮೇಡಂ?

ಉತ್ತರ: ಸರಿಯಲ್ಲ. ಮಹಾರಾಷ್ಟ್ರದಲ್ಲಿ 2023ರ ಏಪ್ರಿಲ್‌ನಿಂದ ಹೆಂಗಸರಿಗೆ 25,000ದ ತನಕ ಪಿಟಿ ಇಲ್ಲ. ನಾಳೆನೇ ಕೇಳಿ, ಹಿಂದಿಂದೂ ವಾಪಸ್ ಕೇಳಿ.

ಪ್ರಶ್ನೆ (ಅದೇ ಪುಣೆ ಹುಡುಗ): ಅಕ್ಕ ಕೋಪ ಮಾಡ್ಕೋಬೇಡಿ, ನಿಮಗೆಷ್ಟು? 🙈

ಉತ್ತರ: ಕೈಗೆ 58. ಹೊಸಬರ ಆಫರ್ ಲೆಟರ್ ನಾನೇ ತಯಾರು ಮಾಡುವುದು, ನನಗಿಂತ ಎಷ್ಟೋ ಚಿಕ್ಕವರಿಗೆ ಸೇರುವಾಗಲೇ ಅಷ್ಟು ಇರ್ತದೆ. ಒಳಗೆ ಉರಿಯುವುದಿಲ್ಲ ಅಂತ ಸುಳ್ಳು ಹೇಳ್ಲಿಕ್ಕೆ ನಾನೇನು ಸನ್ಯಾಸಿ ಅಲ್ಲ. ಆ ದಿನ ಬೆಳಗ್ಗಿನ ಫಾಸ್ಟ್ ಲೋಕಲ್ ಹತ್ತುವಾಗ ಸಿಟ್ಟು ಜಾಸ್ತಿ, ನಿಲ್ಲಲಿಕ್ಕೆ ಜಾಗ ಬೇಗ ಸಿಗ್ತದೆ.

ಕಮೆಂಟ್ (ಘಾಟ್‌ಕೋಪರ್): ಅಕ್ಕ, ಗ್ರಾಚುಟಿ ಕೇಳಿದ್ರೆ ನೀನು ಇಲ್ಲಿ ಕೆಲ್ಸವೇ ಮಾಡಿಲ್ಲ ಅಂದ್ರೆ? ಸಂಬಳ ಎಲ್ಲ ಕ್ಯಾಶಲ್ಲೇ ಕೊಡುದು.

ಉತ್ತರ: ಅದಕ್ಕೇ ಬಿಡುವ ಮೊದಲೇ ತಯಾರಿ. ಈ ತಿಂಗಳಿಂದ ಸಂಬಳ ಬ್ಯಾಂಕಿಗೆ ಅಥವಾ ಜಿಪೇಗೆ ಹಾಕಲಿಕ್ಕೆ ಹೇಳಿ. ಹಾಜರಿ ಪುಸ್ತಕದ ಪುಟ, ನಿಮ್ಮ ಹೆಸರಲ್ಲಿ ಬಂದ ಹಳೇ ವೋಚರ್, ಐಡಿ ಕಾರ್ಡ್, ಮಾಲಕರು ಕಳಿಸಿದ ವಾಟ್ಸಾಪ್ ಮೆಸೇಜು, ಎಲ್ಲದರ ಫೋಟೋ ತೆಗೆದು ಊರಿಗೆ ಒಂದು ಕಾಪಿ ಕಳಿಸಿ. ಜೊತೆಗೆ ಕೆಲಸ ಮಾಡಿ ಬಿಟ್ಟವರ ನಂಬರ್ ಇಟ್ಕೊಳ್ಳಿ, ಅವರೇ ಸಾಕ್ಷಿ. ಬಿಟ್ಟ ಮೇಲೆ ಬರವಣಿಗೆಯಲ್ಲಿ ಅರ್ಜಿ ಕೊಡಿ, 30 ದಿನದೊಳಗೆ ಕೊಡದಿದ್ರೆ ಬಡ್ಡಿ ಸೇರ್ತದೆ, ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನ ಕಾಮಗಾರ್ ಭವನದಲ್ಲಿ ಕೇಸ್ ಹಾಕಬಹುದು. ಅರ್ಜಿ ಮರಾಠಿಯಲ್ಲಿ ಬರೆಯಬೇಕಾದ್ರೆ ನನಗೆ ಮೆಸೇಜ್ ಮಾಡಿ, ಭಾನುವಾರ ಮಾತ್ರ.