ಮಾಳಮಡ್ಡಿಯ ಹಳೇ ಮನೆ ಮಾರಬೇಕು, ಯಾವ ತಿಂಗಳು ಒಳ್ಳೇದು?

ಬೀಗದಮನೆ:
ಧಾರವಾಡದ ಮಾಳಮಡ್ಡಿಯಲ್ಲಿ ಅಪ್ಪ ಕಟ್ಟಿಸಿದ ಹಂಚಿನ ಮನೆ ಇದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಬೆಂಗಳೂರಿನಲ್ಲಿ ನನ್ನ ಜೊತೆ ಇದ್ದಾರೆ, ತಮ್ಮ ಪುಣೆಯಲ್ಲಿ, ಅಕ್ಕ ಗದಗದಲ್ಲಿ. ಏಜೆಂಟ್ ಈಗಲೇ ಕೊಡ್ರಿ ಅನ್ನುತ್ತಾರೆ. ಸೋದರಮಾವ ಆಷಾಢ ಹತ್ತಿರ ಬಂತು, ದಸರಾ ತನಕ ಸುಮ್ನೆ ಕೂಡು ಅನ್ನುತ್ತಾರೆ. ಏನು ಮಾಡಲಿ?

ನವನಗರದವ:
ಮಾವ ಹೇಳಿದ್ದು ಅರ್ಧ ಸರಿ. ಆಷಾಢದಲ್ಲಿ ನಮ್ಮ ಕಡೆ ಯಾರೂ ಸಂಚಕಾರ (ಮುಂಗಡ ಹಣ) ಕೊಡುವುದಿಲ್ಲ, ಬಂದು ನೋಡಿ ಫೋಟೋ ಹೊಡೆದುಕೊಂಡು ಶ್ರಾವಣಕ್ಕೆ ಮಾತಾಡೋಣ ಅಂತ ಹೋಗುತ್ತಾರೆ. ಗಣಪತಿ ಕಳಿಸಿದ ಮೇಲೆ ಪಿತೃಪಕ್ಷ, ಆ ಹದಿನೈದು ದಿನವೂ ಹೋಯಿತು. ನವರಾತ್ರಿಯಿಂದ ದೀಪಾವಳಿ ದಾಟುವವರೆಗೆ ವ್ಯವಹಾರ ಜೋರು. ಆಮೇಲೆ ಧನುರ್ಮಾಸ, ಸಂಕ್ರಾಂತಿ ತನಕ ಮತ್ತೆ ತಣ್ಣಗೆ. ಆದರೆ ನನ್ನನ್ನು ಕೇಳಿದರೆ ದಸರಾಕ್ಕಿಂತ ಯುಗಾದಿ ಮೇಲು. ನವಲಗುಂದ, ಗದಗ, ಹಾವೇರಿ ಕಡೆಯವರು ಮಕ್ಕಳ ಸಾಲಿ ಸಲುವಾಗಿ ಧಾರವಾಡದಲ್ಲಿ ಮನೆ ಹುಡುಕುವುದು ಏಪ್ರಿಲ್-ಮೇನಲ್ಲೇ, ಅಷ್ಟರಲ್ಲಿ ಬ್ಯಾಡಗಿ ಮಾರ್ಕೆಟ್‌ನಲ್ಲಿ ಮೆಣಸಿನಕಾಯಿ ಮಾರಿದ ರೊಕ್ಕವೂ ಕೈಗೆ ಬಂದಿರುತ್ತದೆ, ಜೂನ್‌ಗೆ ಸಾಲಿ ಶುರು ಆಗುವುದರೊಳಗೆ ಬಂದು ಇರಬೇಕು ಅನ್ನುವ ಅವಸರ ಬೇರೆ. ಅವಸರ ಇದ್ದವರ ಜೊತೆ ಚೌಕಾಸಿ ಕಡಿಮೆ, ಅಲ್ವಾ?

ಕೇಶ್ವಾಪುರ ಅಕ್ಕ:
ಧಾರವಾಡದ ಮಳೆಯಲ್ಲಿ ಹಂಚಿನ ಮನೆ ತೋರಿಸಲೇಬೇಡಿ ತಮ್ಮಾ. ನಾನು ಕೊಳ್ಳುವವಳಾದರೆ ಜುಲೈನಲ್ಲೇ ನೋಡಲು ಹೋಗುತ್ತೇನೆ, ಎಲ್ಲಿ ಸೋರುತ್ತದೆ ಅಂತ ಯಾರನ್ನೂ ಕೇಳಬೇಕಾಗಿಲ್ಲ! ಹಸಿ ಗೋಡೆಗೆ ಸುಣ್ಣ ಬಳಿದರೂ ಗೊತ್ತಾಗುತ್ತದೆ. ಈಗಲೇ ಒಡೆದ ಹಂಚು ಬದಲಿಸಿ, ಬಣ್ಣ ಆಮೇಲೆ.

ಕಾಗದಪತ್ರ:
ತಿಂಗಳು ಹಾಗಿರಲಿ, ಉತಾರ (ಮನೆಯ ಹಕ್ಕಿನ ದಾಖಲೆ) ಯಾರ ಹೆಸರಿನಲ್ಲಿದೆ? ಇನ್ನೂ ಅಪ್ಪನ ಹೆಸರೇ ಇದ್ದರೆ ಮೊದಲು ವಾರಸಾ ಮಾಡಿಸಿ, ಅಂದರೆ ವಾರಸುದಾರರ ಹೆಸರಿಗೆ ಬದಲಿಸಿ. ಅವ್ವ, ಅಕ್ಕ, ತಮ್ಮ ಎಲ್ಲರ ಸಹಿ ಬೇಕು. ಅಕ್ಕ ಮದುವೆಯಾಗಿ ಹೋದರು ಅಂತ ಬಿಡುವ ಹಾಗಿಲ್ಲ, ಆ ಒಂದು ಸಹಿ ಇಲ್ಲ ಅಂತ ನಿಂತ ವ್ಯವಹಾರ ಬೇಕಾದಷ್ಟಿವೆ. ಇ-ಖಾತಾ (ಆನ್‌ಲೈನ್ ಆಸ್ತಿ ದಾಖಲೆ) ಇಲ್ಲದೆ ಈಗ ನೋಂದಣಿ ಆಗುವುದಿಲ್ಲ. ಇದಕ್ಕೆಲ್ಲ ಆಷಾಢವೇನೂ ಅಡ್ಡ ಬರುವುದಿಲ್ಲ, ಮಳೆಗಾಲದಲ್ಲೇ ಮುಗಿಸಿ. ಇನ್ನೊಂದು, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1 ಪರ್ಸೆಂಟ್ ಇದ್ದದ್ದು 2 ಪರ್ಸೆಂಟ್ ಆಗಿದೆ. ಕೊಳ್ಳುವವರು ಅದನ್ನು ನಿಮ್ಮ ರೇಟಿನಲ್ಲೇ ಕಡಿಯಲು ನೋಡುತ್ತಾರೆ.

ಬೀಗದಮನೆ:
ವಾರಸಾ ಅರ್ಜಿ ಕೊಟ್ಟಾಗಿದೆ, ಅಕ್ಕನ ಹೆಸರೂ ಇದೆ. ಟ್ಯಾಕ್ಸ್ ಲೆಕ್ಕದಲ್ಲಿ ಯುಗಾದಿಗೆ ಕಾದರೆ ಏನಾದರೂ ಲಾಭ ಇದೆಯಾ?

ಕಾಗದಪತ್ರ:
ಇದೆ. ಖರೀದಿ ಪತ್ರ ಮಾರ್ಚ್ 31ರೊಳಗೆ ಆದರೆ ಮಾರಿದ ಲಾಭ ಆ ವರ್ಷದ ಲೆಕ್ಕಕ್ಕೆ ಬರುತ್ತದೆ, ಏಪ್ರಿಲ್‌ನಲ್ಲಿ ಆದರೆ ಮುಂದಿನ ವರ್ಷದ ರಿಟರ್ನ್‌ಗೆ. ಬೇರೆ ಮನೆ ಕೊಂಡು ತೆರಿಗೆ ಉಳಿಸುವವರಿಗೆ ಮಾರಿದ ಮೇಲೆ 2 ವರ್ಷ ಟೈಮ್ ಇದೆ. ಮನೆ 2001ಕ್ಕಿಂತ ಮೊದಲಿನದಾದರೆ, ಲಾಭ ಲೆಕ್ಕ ಹಾಕುವಾಗ ಕಟ್ಟಿದ ಖರ್ಚಿನ ಬದಲು 2001ರ ಏಪ್ರಿಲ್ 1ರಂದು ಇದ್ದ ಬೆಲೆ ಹಿಡಿಯಬಹುದು, ಅದಕ್ಕೆ ವ್ಯಾಲ್ಯುಯರ್ ಹತ್ತಿರ ರಿಪೋರ್ಟ್ ಮಾಡಿಸಿ. ಪಾಲು ಇದ್ದವರೆಲ್ಲ ಬೇರೆ ಬೇರೆ ರಿಟರ್ನ್ ತೋರಿಸಬೇಕು, ಪುಣೆಯ ತಮ್ಮನಿಗೂ ಈಗಲೇ ಹೇಳಿಡಿ.